ಟ್ಯೂಡರ್ ಕಾಲದ ಉಡುಪು: ಬಾಡಿಗೆಯೋ, ರೆಡಿಮೇಡೋ, ಸ್ವಂತ ಹೊಲಿಗೆಯೋ?

ಟೆಕ್ಸಸ್‌ನ ಟಾಡ್ ಮಿಷನ್‌ನಲ್ಲಿ 1974ರಿಂದ ನಡೆಯುತ್ತಿರುವ ರೆನೆಸಾನ್ಸ್ ಮೇಳ, ಅಂದರೆ ಟ್ಯೂಡರ್ ಅರಸರ ಕಾಲದ, ಹೆಚ್ಚುಕಡಿಮೆ 16ನೇ ಶತಮಾನದ ಇಂಗ್ಲೆಂಡನ್ನು ವೇಷ ತೊಟ್ಟು ಆಡಿ ತೋರಿಸುವ ಜಾತ್ರೆ, ಶುರುವಾಗುವುದು ಅಕ್ಟೋಬರಿನಲ್ಲಿ. ಮೇರಿಲ್ಯಾಂಡ್‌ನ ಕ್ರೌನ್ಸ್‌ವಿಲ್ ಮೇಳ ಆಗಸ್ಟ್ ಕೊನೆಗೇ ಬಾಗಿಲು ತೆರೆಯುತ್ತದೆ. ಟಿಕೆಟ್ ತೆಗೆದಾದ ಮೇಲೆ ಮನೆಯಲ್ಲಿ ಚರ್ಚೆ ಏಳುವುದು ಬಟ್ಟೆಯ ಮೇಲೆ. ಪ್ಯಾಕೆಟ್ಟಿನಲ್ಲಿ ಬರುವ ಪಾಲಿಯೆಸ್ಟರ್ ವೇಷ ಸಾಕೇ? ಬಾಗಿಲಲ್ಲೇ ಬಾಡಿಗೆಗೆ ತೆಗೆದುಕೊಂಡರಾಯಿತೇ? ಒಂದೊಂದೇ ತುಂಡು ಕೊಂಡು ಜೋಡಿಸಬೇಕೇ, ಇಲ್ಲ ಹೊಲಿಗೆ ಯಂತ್ರದ ಧೂಳು ಕೊಡವಬೇಕೇ? ಜೊತೆಗೆ, "ಆ ಕಾಲದಲ್ಲಿ ಹೀಗಿರಲಿಲ್ಲ" ಎಂದು ಮೂಗು ಮುರಿಯುವವರು ಸಿಕ್ಕಾರು ಎಂಬ ಅಳುಕು ಬೇರೆ.

ಮೊದಲೇ ಹೇಳಿಬಿಡುವುದು ಒಳ್ಳೆಯದು: ದುಡ್ಡು ಹೆಚ್ಚು ಸುರಿದಷ್ಟೂ ಉಡುಪು ಹೆಚ್ಚು ಸರಿಯಾಗುತ್ತದೆ ಎಂದೇನೂ ಇಲ್ಲ. ಸಾವಿರ ಡಾಲರಿನ ವೆಲ್ವೆಟ್ ಗೌನು ಹಾಕಿಕೊಂಡು, ಬರಿತಲೆಯಲ್ಲಿ ಸಡಿಲಗೂದಲು ಬಿಟ್ಟುಕೊಂಡು ಬಂದ ರಾಣಿಗಿಂತ, ಲಿನನ್ ಒಳಂಗಿ, ಉಣ್ಣೆಯ ನಿಲುವಂಗಿ, ಬಿಳಿ ತಲೆವಸ್ತ್ರದ ತರಕಾರಿ ಹೆಂಗಸು 1560ಕ್ಕೆ ಎಷ್ಟೋ ಹತ್ತಿರ. ಆಕಾರ, ಬಟ್ಟೆ, ತಲೆ, ಕಾಲು ಈ ನಾಲ್ಕು ಕೂಡಿಬಂದರೆ ಮುಕ್ಕಾಲು ಕೆಲಸ ಮುಗಿದಂತೆ. ಜರಿ, ಮುತ್ತು, ಕಸೂತಿ ಎಲ್ಲ ಆಮೇಲೆ.

ಯಾವುದನ್ನು ನೋಡಿ ಆರಿಸಬೇಕು

ಮೊದಲ ಪ್ರಶ್ನೆ, ಹೋಗುತ್ತಿರುವುದು ಎಲ್ಲಿಗೆ ಎಂಬುದು. ಅಮೆರಿಕದ ರೆನೆಸಾನ್ಸ್ ಮೇಳ ಒಂದು ಜಾತ್ರೆ. 1963ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಂದು ರೇಡಿಯೊ ಕೇಂದ್ರಕ್ಕೆ ಹಣ ಕೂಡಿಸಲು ಫಿಲಿಸ್ ಮತ್ತು ರಾನ್ ಪ್ಯಾಟರ್ಸನ್ ದಂಪತಿ ನಡೆಸಿದ ಮೇಳದಿಂದ ಈ ಪದ್ಧತಿ ಬೆಳೆಯಿತು. ಇಲ್ಲಿ ನೋಡಲು ಬಂದವರಿಗೆ ಉಡುಪಿನ ನಿಯಮವೇ ಇಲ್ಲ. ಜೀನ್ಸ್ ಹಾಕಿಕೊಂಡೂ ಹೋಗಬಹುದು, ಕಿನ್ನರಿಯ ರೆಕ್ಕೆ ಕಟ್ಟಿಕೊಂಡೂ ಹೋಗಬಹುದು. ನಿಯಮ ಇರುವುದು ಪಾತ್ರ ವಹಿಸುವವರಿಗೆ. ವಿಸ್ಕಾನ್ಸಿನ್‌ನ ಬ್ರಿಸ್ಟಲ್ ಮೇಳ 1574ರಲ್ಲಿ ಎಲಿಜಬೆತ್ ರಾಣಿ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಬಂದ ದಿನವನ್ನು ಆಡಿದರೆ, ಕ್ರೌನ್ಸ್‌ವಿಲ್‌ನಲ್ಲಿ ಎಂಟನೇ ಹೆನ್ರಿಯ ಆಸ್ಥಾನ.

ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ ಎಂಬ ಸಂಘ, ಎಲ್ಲರ ಬಾಯಲ್ಲಿ ಎಸ್‌ಸಿಎ, ಇನ್ನೊಂದು ಬಗೆಯದು. 1966ರಲ್ಲಿ ಬರ್ಕ್ಲಿಯ ಒಂದು ಹಿತ್ತಲಿನಲ್ಲಿ ಹುಟ್ಟಿದ್ದು. ಅಲ್ಲಿ ಬಂದವರೆಲ್ಲರೂ 17ನೇ ಶತಮಾನಕ್ಕಿಂತ ಹಿಂದಿನ ಉಡುಪಿಗೆ 'ಒಂದು ಪ್ರಯತ್ನ' ಮಾಡಿರಬೇಕು, ಅಷ್ಟೇ ನಿಯಮ. ಪ್ರಯತ್ನ ಎಷ್ಟು ಚೆನ್ನಾಗಿದೆ ಎಂದು ಯಾರೂ ಅಂಕ ಹಾಕುವುದಿಲ್ಲ. ಮೂರನೆಯದು ಕಟ್ಟುನಿಟ್ಟಿನ ಮರುಸೃಷ್ಟಿ. ಇಂಗ್ಲೆಂಡಿನ ಸಫೋಕ್‌ನ ಕೆಂಟ್ವೆಲ್ ಹಾಲ್‌ನಲ್ಲಿ 1979ರಿಂದ ಟ್ಯೂಡರ್ ದಿನಚರಿಯನ್ನೇ ಬದುಕಿ ತೋರಿಸುತ್ತಾರೆ. ಇಂಥಲ್ಲಿ ಭಾಗವಹಿಸಬೇಕೆಂದರೆ ಉಡುಪು ಮೊದಲು ಪರೀಕ್ಷೆಗೆ ಒಳಗಾಗುತ್ತದೆ. ಹೊರಗೆ ಕಾಣುವ ಯಂತ್ರದ ಹೊಲಿಗೆ ಕೂಡ ಆಕ್ಷೇಪಕ್ಕೆ ಗುರಿ.

ಎರಡನೆಯದು ದೂರ. ಈ ಹವ್ಯಾಸದವರು 'ಹತ್ತಡಿ ನಿಯಮ' ಎನ್ನುತ್ತಾರೆ: ಹತ್ತಡಿ ದೂರದಿಂದ ಸರಿ ಕಂಡರೆ ಸರಿ. ಮೇಳಕ್ಕೆ ಅದು ಧಾರಾಳ ಸಾಕು. ಜನರ ಜೊತೆ ಕೂತು ಊಟ ಮಾಡುವ, ಒಲೆಯ ಮುಂದೆ ಕೆಲಸ ತೋರಿಸುವ ಕಡೆ ಮೂರಡಿ. ಕಟ್ಟುನಿಟ್ಟಿನ ಗುಂಪಿನಲ್ಲಿ ಅಂಗಿ ಮಗುಚಿ ಒಳಮೈ ನೋಡಿದರೂ ತಪ್ಪು ಸಿಗಬಾರದು. ನಿಮ್ಮ ದೂರ ಯಾವುದೆಂದು ತಿಳಿದರೆ ಯಾವ ಖರ್ಚು ದಂಡ ಎನ್ನುವುದು ತಾನಾಗಿ ತಿಳಿಯುತ್ತದೆ.

ಮೂರನೆಯದನ್ನೇ ಹೆಚ್ಚಿನವರು ಬಿಟ್ಟುಬಿಡುವುದು: ನೀವು ಯಾರು? ಇಸವಿ, ಊರು, ಅಂತಸ್ತು, ಮೂರನ್ನೂ ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. "1565, ಲಂಡನ್, ರೊಟ್ಟಿ ಅಂಗಡಿಯವನ ಹೆಂಡತಿ." ಈ ಸಾಲು ಇಲ್ಲದಿದ್ದರೆ 1530ರ ಟೊಪ್ಪಿಗೆ 1590ರ ಕೊರಳಪಟ್ಟಿ ಸೇರಿ, ಬಿಡಿಬಿಡಿಯಾಗಿ ಎಲ್ಲವೂ ಸರಿಯಿದ್ದು ಒಟ್ಟಿಗೆ ಎಲ್ಲವೂ ತಪ್ಪಾಗುತ್ತದೆ. ಅಂತಸ್ತು ಹೊಲಿಗೆಯ ಕಷ್ಟವನ್ನೂ ತೀರ್ಮಾನಿಸುತ್ತದೆ. 1574ರ ಎಲಿಜಬೆತ್ ರಾಣಿಯ ಆಜ್ಞೆಯ ಪ್ರಕಾರ ನೇರಳೆ ರೇಷ್ಮೆ, ಬಂಗಾರದೆಳೆಯ ಬಟ್ಟೆ ರಾಜಮನೆತನಕ್ಕೆ ಮೀಸಲು. ದೊಡ್ಡ ಶ್ರೀಮಂತರಿಗೂ ಅಲ್ಪಸ್ವಲ್ಪ ವಿನಾಯಿತಿ ಅಷ್ಟೇ. ಕೆಳಗಿನ ಅಂತಸ್ತಿಗೆ ಇಳಿದಷ್ಟೂ ಬಟ್ಟೆ ಅಗ್ಗ, ಕತ್ತರಿಸುವುದು ಸುಲಭ, ಬಿಸಿಲಲ್ಲಿ ಓಡಾಡುವುದೂ ಹಗುರ. ಹೊಸಬರಿಗೆ ನಮ್ಮ ಶಿಫಾರಸು ಯಾವಾಗಲೂ ಕೆಲಸಗಾರ ವರ್ಗವೇ. ಪೀಟರ್ ಬ್ರೂಗಲ್ 1567ರ ಹೊತ್ತಿಗೆ ಬರೆದ ರೈತರ ಮದುವೆಯ ಚಿತ್ರ ನೋಡಿ. ಅದು ಫ್ಲಾಂಡರ್ಸ್ ಕಡೆಯದು, ಇಂಗ್ಲೆಂಡಿನದಲ್ಲ. ಆದರೂ ಏಪ್ರನ್ ಎಲ್ಲಿ ಕಟ್ಟಿದ್ದಾರೆ, ತಲೆವಸ್ತ್ರ ಹೇಗೆ ಮಡಿಸಿದ್ದಾರೆ, ತೋಳು ಎಷ್ಟು ಮೇಲೇರಿಸಿದ್ದಾರೆ ಎಲ್ಲ ಕಾಣುತ್ತದೆ. ಬಡವರೆಂದರೆ ಕೊಳಕು ಕಂದು ಬಣ್ಣ ಎಂಬ ನಂಬಿಕೆಯೂ ಆ ಚಿತ್ರದ ಮುಂದೆ ನಿಲ್ಲುವುದಿಲ್ಲ. ಮಂಜಿಷ್ಠದ ಕೆಂಪು, ವೋಡ್ ಗಿಡದ ನೀಲಿ, ವೆಲ್ಡ್ ಗಿಡದ ಹಳದಿ ಸಾಮಾನ್ಯರಿಗೂ ಎಟುಕುತ್ತಿದ್ದವು. ದುಬಾರಿಯಾಗಿದ್ದದ್ದು ಗಾಢವಾದ, ಮಾಸದ ಕಪ್ಪು.

ಕೊನೆಯದು ಬಿಸಿಲು ಮತ್ತು ಬೆಂಕಿ. ಪಾಲಿಯೆಸ್ಟರ್ ಬೆವರನ್ನು ಒಳಗೇ ಹಿಡಿದಿಡುತ್ತದೆ. ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಹೊತ್ತಿದರೂ ಬೆಂಕಿ ದೂರವಾದರೆ ಆರುತ್ತದೆ. ಅಡುಗೆ ಒಲೆ, ಕುಲುಮೆಯ ಹತ್ತಿರ ನಿಲ್ಲುವವರಿಗೆ ಇದು ಚಂದದ ಮಾತಲ್ಲ, ಜೀವದ ಮಾತು. ಅಂಗಡಿಯವರು 'ಲಿನನ್ ಲುಕ್' ಎಂದು ಕೊಟ್ಟದ್ದರ ಮೇಲೆ ಅನುಮಾನವಿದ್ದರೆ ನಾಲ್ಕೆಳೆ ಕಿತ್ತು ಚಿಮಟದಲ್ಲಿ ಹಿಡಿದು ಸುಡಿ. ಲಿನನ್ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ, ಉಣ್ಣೆಗೂ ರೇಷ್ಮೆಗೂ ಸುಟ್ಟ ಕೂದಲ ವಾಸನೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಬಾಡಿಗೆ, ಎರವಲು, ಪ್ಯಾಕೆಟ್ ವೇಷ

ದೊಡ್ಡ ಮೇಳಗಳ ಬಾಗಿಲ ಬಳಿ ಬಾಡಿಗೆ ಅಂಗಡಿ ಇರುತ್ತದೆ. ಒಂದು ದಿನದ ಮಟ್ಟಿಗೆ, ಮತ್ತೆ ಹೋಗುವುದು ಅನುಮಾನ ಎನ್ನುವವರಿಗೆ ಇದೇ ಸರಿ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ; ಮಧ್ಯಾಹ್ನದ ಹೊತ್ತಿಗೆ ಸಣ್ಣ ಅಳತೆಯವೂ ಭಾರೀ ಅಳತೆಯವೂ ಖಾಲಿ. ಯಾರಿಗೂ ಆಗಲಿ ಎಂದು ಸಡಿಲವಾಗಿ ಹೊಲಿದಿರುವುದರಿಂದ ಆಕಾರ ಮಾತ್ರ ಬರುವುದಿಲ್ಲ.

ಎಸ್‌ಸಿಎ ಕಡೆ ಹೋಗುವವರು ಕಾಸೂ ಖರ್ಚು ಮಾಡಬೇಕಿಲ್ಲ. ಸ್ಥಳೀಯ ಶಾಖೆಗಳಲ್ಲಿ 'ಗೋಲ್ಡ್ ಕೀ' ಎಂದು ಹೊಸಬರಿಗೆ ಉಡುಪು ಎರವಲು ಕೊಡುವ ವ್ಯವಸ್ಥೆ ಇದೆ. ಮುಂಚೆಯೇ ಎತ್ತರ, ಎದೆಯಳತೆ ಬರೆದು ಕಳಿಸಿ. ಮೊದಲ ಸಲ ಎರವಲು ತೊಟ್ಟು ಹೋಗಿ, ನಾಲ್ಕು ಜನರ ಬಟ್ಟೆ ಹತ್ತಿರದಿಂದ ನೋಡಿಕೊಂಡು ಬಂದು ಆಮೇಲೆ ಕತ್ತರಿ ಹಿಡಿದವರು ಕಡಿಮೆ ಬಟ್ಟೆ ಹಾಳುಮಾಡುತ್ತಾರೆ.

ಹ್ಯಾಲೊವೀನ್ ಅಂಗಡಿಯ ಪ್ಯಾಕೆಟ್ ವೇಷ ಸುಮಾರು 40ರಿಂದ 80 ಡಾಲರಿಗೆ ಸಿಗುತ್ತದೆ. ಇದರಷ್ಟು ದುಬಾರಿ ಆಯ್ಕೆ ಇನ್ನೊಂದಿಲ್ಲ ಎನ್ನಬೇಕು. ಬೆನ್ನಿಗೆ ಜಿಪ್, ಹೊಳೆಯುವ ಕ್ರಶ್ಡ್ ವೆಲ್ವೆಟ್, ಒಳಂಗಿಯ ಬದಲು ಎದೆಗೆ ಹೊಲಿದ ಬಿಳಿ ತುಂಡು. ಎರಡು ಸಲ ಒಗೆದರೆ ಅಂಚು ಬಿಚ್ಚುತ್ತದೆ. ಮುಂದೆ ಇದನ್ನು ಸುಧಾರಿಸಿಕೊಳ್ಳೋಣ ಎಂದರೆ ಉಳಿಸಿಕೊಳ್ಳುವಂಥ ಭಾಗ ಒಂದೂ ಇರುವುದಿಲ್ಲ. ಅದೇ ದುಡ್ಡಿಗೆ ಒಂದು ಒಳ್ಳೆಯ ಲಿನನ್ ಅಂಗಿ ಬರುತ್ತದೆ. ಅದು ಹತ್ತು ವರ್ಷ ಬಾಳುತ್ತದೆ.

ತುಂಡು ತುಂಡಾಗಿ ಕೊಂಡು ಜೋಡಿಸುವುದು

ಹೊಲಿಗೆ ಬಾರದವರಿಗೆ, ವರ್ಷಕ್ಕೆ ಎರಡು ಮೂರು ಸಲ ಹೋಗುವವರಿಗೆ ನಮ್ಮ ಪ್ರಕಾರ ಸರಿಯಾದ ದಾರಿ ಇದು. ಮರುಸೃಷ್ಟಿಯವರಿಗೆಂದೇ ಉಡುಪು ಮಾರುವ ಅಂಗಡಿಗಳಿಂದ ಒಂದೊಂದೇ ತುಂಡು ತರಿಸಿ, ಉಳಿದದ್ದನ್ನು ಮನೆಯ ಬಟ್ಟೆಯಲ್ಲಿ ಸರಿದೂಗಿಸುವುದು. ಯಾವುದನ್ನು ಮೊದಲು ಕೊಳ್ಳುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಲಿನನ್ ಒಳಂಗಿ ಮೊದಲು, ತಲೆಯುಡುಪು ಎರಡನೆಯದು, ಮೇಲುಡುಪು ಮೂರನೆಯದು, ಚಪ್ಪಲಿ-ಬೂಟು ನಾಲ್ಕನೆಯದು. ಜನ ಇದನ್ನು ತಲೆಕೆಳಗು ಮಾಡಿ, ಮೊದಲು ಕತ್ತಿ, ಪದಕ, ಚರ್ಮದ ತೋಳುಕವಚ ಕೊಂಡು ಕೂರುತ್ತಾರೆ. ಕತ್ತಿಯನ್ನಂತೂ ಮೇಳದ ಬಾಗಿಲಲ್ಲಿ ಒರೆಯಿಂದ ಈಚೆ ಬಾರದಂತೆ ಕಟ್ಟಿಸಿಯೇ ಒಳಗೆ ಬಿಡುವುದು.

ತಲೆಗೆ ಅಷ್ಟು ಮಹತ್ವ ಯಾಕೆ ಎಂದರೆ, ಆ ಕಾಲದ ಚಿತ್ರಗಳಲ್ಲಿ ವಯಸ್ಕರ ಬರಿತಲೆ ಕಾಣುವುದು ಅಪರೂಪ. ಹೆಂಗಸರಿಗೆ ಬಿಳಿ ಲಿನನ್ ಕೋಯಿಫ್ ಟೊಪ್ಪಿಗೆ, ಅಥವಾ 70-80 ಸೆಂ.ಮೀ. ಚೌಕದ ಬಟ್ಟೆ ಮೂಲೆಮಡಿಸಿ ಹಿಂದೆ ಕಟ್ಟಿದ್ದು. ಗಂಡಸರಿಗೆ ಉಣ್ಣೆಯ ಚಪ್ಪಟೆ ಟೋಪಿ. 1571ರ ಕಾಯಿದೆ, ಆರು ವರ್ಷ ದಾಟಿದ ಸಾಮಾನ್ಯ ಪ್ರಜೆಗಳೆಲ್ಲ ಭಾನುವಾರ ಮತ್ತು ಹಬ್ಬದ ದಿನ ಇಂಗ್ಲೆಂಡಿನಲ್ಲೇ ಹೆಣೆದ ಉಣ್ಣೆಯ ಟೋಪಿ ಹಾಕಲೇಬೇಕೆಂದು ವಿಧಿಸಿತ್ತು. ತಪ್ಪಿದರೆ ದಂಡ 3 ಶಿಲ್ಲಿಂಗ್ 4 ಪೆನ್ಸ್. ಟೋಪಿ ಹೆಣೆಯುವವರ ಹೊಟ್ಟೆಪಾಡಿಗೆ ಮಾಡಿದ ಕಾಯಿದೆ ಅದು, 1597ರಲ್ಲಿ ರದ್ದಾಯಿತು. ನಿಮಗೆ ಆಗುವ ಲಾಭ ಏನೆಂದರೆ, ಇಪ್ಪತ್ತು ಮೂವತ್ತು ಡಾಲರಿನ ಒಂದು ಟೋಪಿ ಸಾದಾ ಅಂಗಿಯವನನ್ನೂ ಆ ಕಾಲಕ್ಕೆ ಒಯ್ಯುತ್ತದೆ.

ಮೇಲುಡುಪು ಕೊಳ್ಳುವಾಗ ಜಾರಿಬೀಳುವ ಗುಂಡಿ ಒಂದಿದೆ. ಭುಜದಿಂದ ಜಾರಿದ ಒಳಂಗಿ, ಅದರ ಮೇಲೆ ಎದೆಯ ಕೆಳಗೆ ಬಿಗಿದ ಕಾರ್ಸೆಟ್, ಸೊಂಟದಲ್ಲಿ ಮೇಲೆತ್ತಿ ಸಿಕ್ಕಿಸಿದ ಲಂಗ. ಎಲ್ಲ ಮೇಳಗಳಲ್ಲೂ ಮಾರುತ್ತಾರೆ, ಎಲ್ಲರೂ ಹಾಕುತ್ತಾರೆ. ಇದು 16ನೇ ಶತಮಾನದ್ದಲ್ಲ, ಮೇಳದ್ದೇ ಸಂಪ್ರದಾಯ. ಮೇಳಕ್ಕೆ ಹಾಕಿದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಇದನ್ನೇ ನಂಬಿಕೊಂಡು ಮುಂದೆ ಮರುಸೃಷ್ಟಿ ಗುಂಪಿಗೆ ಸೇರಲು ಹೊರಟರೆ ಕೊಂಡದ್ದೆಲ್ಲ ನೀರುಪಾಲು. ಕಡಲ್ಗಳ್ಳರ ವೇಷವೂ ಹಾಗೆಯೇ, ಅದು 17ನೇ ಶತಮಾನದ ಕೊನೆ, 18ರ ಆರಂಭದ್ದು.

ಕಾಲಿಗೆ, ಲೇಸ್ ಕಾಣದ, ಹಿಮ್ಮಡಿ ಇಲ್ಲದ, ಕಂದು ಅಥವಾ ಕಪ್ಪು ಚರ್ಮದ ಸಾದಾ ಬೂಟು ಹತ್ತಡಿಗೆ ಸಾಕು. ಎತ್ತರದ ಹಿಮ್ಮಡಿ ಬಂದದ್ದೇ ಆ ಶತಮಾನದ ಕೊನೆಗೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ ಮೇರಿ ರೋಸ್ ಹಡಗಿನಲ್ಲಿ ನಾವಿಕರ ಬೂಟುಗಳು ರಾಶಿಯಾಗಿ ಸಿಕ್ಕಿವೆ. ಅವುಗಳ ನಕಲನ್ನು ಹೊಲಿದು ಮಾರುವವರಿದ್ದಾರೆ, ನೂರು ಡಾಲರಿಗಿಂತ ಮೇಲೆ. ಬರಿ ಚರ್ಮದ ಅಟ್ಟೆ ಒದ್ದೆ ಹುಲ್ಲಿನ ಮೇಲೆ ಜಾರುತ್ತದೆ. ಕಟ್ಟುನಿಟ್ಟು ಇಲ್ಲದ ಕಡೆ ತೆಳುವಾದ ರಬ್ಬರ್ ಅಂಟಿಸಿಕೊಳ್ಳಿ, ಯಾರೂ ಕಾಲೆತ್ತಿ ನೋಡುವುದಿಲ್ಲ.

ಯಂತ್ರದಲ್ಲಿ ಹೊಲಿದುಕೊಳ್ಳುವುದು

ಬ್ಲೌಸ್ ಹೊಲಿಯಲು ಬರುವವರಿಗೆ ಟ್ಯೂಡರ್ ಒಳಂಗಿ ಆಟದ ಸಾಮಾನು. ಅದರಲ್ಲಿ ವಕ್ರರೇಖೆಯೇ ಇಲ್ಲ; ಆಯತ, ಚೌಕ, ತ್ರಿಕೋನ ಅಷ್ಟೇ. 150 ಸೆಂ.ಮೀ. ಪನ್ನದ, ಚದರ ಮೀಟರಿಗೆ 180 ಗ್ರಾಂ ಆಸುಪಾಸಿನ ಬಿಳಿ ಲಿನನ್ 2.75 ಮೀಟರ್ ಬೇಕು. ಕತ್ತರಿಸುವ ಮೊದಲು ಬಿಸಿನೀರಲ್ಲಿ ಎರಡು ಸಲ ಒಗೆದು ಒಣಗಿಸಿ, ಏಕೆಂದರೆ ಲಿನನ್ ಮೊದಲ ಒಗೆತದಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಕುಗ್ಗುತ್ತದೆ. ಹಿಂದು-ಮುಂದು ಒಂದೇ ತುಂಡು, 75 ಸೆಂ.ಮೀ. ಅಗಲ, 215 ಉದ್ದ. ಪಕ್ಕದಲ್ಲಿ ಉಳಿದ ಪಟ್ಟಿಯಲ್ಲಿ 50 × 55ರ ಎರಡು ತೋಳು, 25 × 70ರ ಎರಡು ಆಯತ. ಈ ಆಯತಗಳನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಪಕ್ಕಕ್ಕೆ ಸೇರಿಸುವ ನಾಲ್ಕು ತ್ರಿಕೋನ. ಕಂಕುಳಿಗೆ 12 ಸೆಂ.ಮೀ.ನ ಎರಡು ಚೌಕ. ಈ ಚೌಕ ಬಿಟ್ಟರೆ ಕೈಯೆತ್ತಿದ ಕೂಡಲೇ ತೋಳಿನ ಬುಡ ಹರಿಯುತ್ತದೆ. ತ್ರಿಕೋನದ ಓರೆ ಅಂಚನ್ನು ಮೈತುಂಡಿನ ನೇರ ಅಂಚಿಗೆ ಸೇರಿಸಿ. ಓರೆಗೆ ಓರೆ ಸೇರಿದರೆ ಹೊಲಿಗೆ ಜೋಲುತ್ತದೆ.

ಅದರ ಮೇಲಿನ ಕರ್ಟಲ್, ಅಂದರೆ ಬಿಗಿಯಾದ ಮೈ ಮತ್ತು ಉದ್ದ ಲಂಗ ಕೂಡಿದ ನಿಲುವಂಗಿ, ನಿಜವಾದ ಪರೀಕ್ಷೆ. ಹಗುರ ಉಣ್ಣೆ ಅಥವಾ 240 ಗ್ರಾಂ ಲಿನನ್ ಸುಮಾರು 4 ಮೀಟರ್. ಮೈಭಾಗವನ್ನು ಮೊದಲು ಹಳೆಯ ಬೆಡ್‌ಶೀಟಿನಲ್ಲಿ ಕಚ್ಚಾ ಹೊಲಿದು ನೋಡಿ. ಇಲ್ಲಿ ಬ್ಲೌಸಿನ ಅಭ್ಯಾಸವೇ ಶತ್ರು. ಡಾರ್ಟ್ ಹಾಕಬಾರದು. ಆ ಕಾಲದ ಆಕಾರದಲ್ಲಿ ಎದೆ ಒತ್ತಿ, ಮುಂಭಾಗ ಸಪಾಟಾಗಿ, ಮೇಲಿನಿಂದ ಸೊಂಟಕ್ಕೆ ಕಿರಿದಾಗುತ್ತಾ ಇಳಿಯುತ್ತದೆ. ಆ ಬಿಗಿ ಬರುವುದು ಒಳಗಿನ ಗಟ್ಟಿ ಲಿನನ್ ಕ್ಯಾನ್ವಾಸಿನ ಎರಡು ಪದರದಿಂದ. ಹೊಸದಾಗಿ ತೊಟ್ಟಾಗ ಮುಂದಿನ ಎರಡು ಅಂಚುಗಳ ನಡುವೆ 3ರಿಂದ 5 ಸೆಂ.ಮೀ. ಸಂದು ಉಳಿಯಬೇಕು. ಅಂಚಿಗೆ ಅಂಚು ಸರಿಯಾಗಿ ಕೂಡುವಂತೆ ಹೊಲಿದರೆ, ಮೈಬಿಸಿಗೆ ಬಟ್ಟೆ ಸಡಿಲಾಗಿ ಮಧ್ಯಾಹ್ನದ ಹೊತ್ತಿಗೆ ಜೋಲುತ್ತಿರುತ್ತದೆ.

ಕಸೆಯ ತೂತುಗಳನ್ನು ಲೋಹದ ಐಲೆಟ್ ಬಡಿದು ಮಾಡಬೇಡಿ. ಅದು 19ನೇ ಶತಮಾನದ ಸರಕು, ಹತ್ತಡಿಯಿಂದಲೂ ಮಿಂಚುತ್ತದೆ. ದಬ್ಬಣದಿಂದ ಎಳೆಗಳನ್ನು ಕತ್ತರಿಸದೆ ಪಕ್ಕಕ್ಕೆ ಸರಿಸಿ ತೂತು ಮಾಡಿ, ಜೇನುಮೇಣ ಸವರಿದ ಲಿನನ್ ದಾರದಲ್ಲಿ ಸುತ್ತಲೂ ಹೊಲಿಯಿರಿ. ಎಳೆ ಕತ್ತರಿಸಿ ಮಾಡಿದ ತೂತು ಬಿಗಿದಾಗ ಸೀಳುತ್ತದೆ. ಸರಿಸಿ ಮಾಡಿದ್ದು ಉಡುಪು ಹರಿದರೂ ಹರಿಯದು. ತೂತುಗಳ ನಡುವೆ 2.5 ಸೆಂ.ಮೀ. ಶೂ ಲೇಸಿನಂತೆ ಅಡ್ಡಡ್ಡ ಕಟ್ಟುವುದಲ್ಲ, ಒಂದೇ ಕಸೆ ಕೆಳಗಿನಿಂದ ಮೇಲಕ್ಕೆ ಸುರುಳಿಯಾಗಿ ಏರಬೇಕು. ಅದಕ್ಕಾಗಿ ಒಂದು ಬದಿಯ ತೂತುಗಳು ಇನ್ನೊಂದು ಬದಿಗಿಂತ ಅರ್ಧ ಅಂತರ ಮೇಲೆ ಇರಲಿ. ಎರಡೂ ಬದಿ ಎದುರುಬದುರು ಇಟ್ಟು ಸುರುಳಿ ಕಟ್ಟಿದರೆ ಒಂದು ಅಂಚು ಮೇಲೇರಿ ಕತ್ತು ಸೊಟ್ಟಗಾಗುತ್ತದೆ. ಲಂಗದ ಕೆಳಅಂಚು ಮಡಿಸುವ ಮುಂಚೆ ಒಂದು ರಾತ್ರಿ ತೂಗುಹಾಕಿ. ಓರೆ ಕತ್ತರಿಸಿದ ಭಾಗ ಎಳೆದುಕೊಂಡು ಕೆಳಗಿಳಿಯುತ್ತದೆ. ನೆಲದಿಂದ ಐದಾರು ಸೆಂ.ಮೀ. ಮೇಲಿದ್ದರೆ ಮೇಳದ ಕೆಸರಿನಲ್ಲಿ ಬದುಕಿದಿರಿ.

ಗಂಡಸರ ಡಬ್ಲೆಟ್, ಅಂದರೆ ಮೈಗೆ ಬಿಗಿಯುವ ಗಿಡ್ಡ ಮೇಲಂಗಿ, ಇದಕ್ಕಿಂತ ಕಷ್ಟ, ಕಷ್ಟ ಎಲ್ಲ ಇರುವುದು ತೋಳುಕಂಡಿಯಲ್ಲಿ. ಈಗಿನ ಶರ್ಟಿನ ಹಾಗೆ ಕಂಕುಳಿಂದ ಕೆಳಗೆ ಇಳಿಸಿ ಕತ್ತರಿಸಿದರೆ ಕೈಯೆತ್ತಿದಾಗ ಇಡೀ ಅಂಗಿ ಮೇಲೆ ಬರುತ್ತದೆ, ಸೊಂಟದಲ್ಲಿ ಕಾಲಿಗಂಟುವ ಉದ್ದ ಚಡ್ಡಿ, ಅಂದರೆ ಹೋಸ್‌ಗೆ ಕಟ್ಟಿದ ಕಸೆಗಳು ಪಟಪಟ ಕಿತ್ತುಹೋಗುತ್ತವೆ. ಕಂಕುಳಿಗೆ ತಾಗುವಷ್ಟು ಎತ್ತರಕ್ಕೆ, ಸಣ್ಣದಾಗಿ ಕತ್ತರಿಸಿದರೆ ತೋಳು ಸಲೀಸಾಗಿ ಆಡುತ್ತದೆ. ಕಾಲಿಗೆ ಅಂಟುವ 1540ರ ಹೋಸ್ ಹೊಲಿಯುವುದು ಪರಿಣತರಿಗೇ ತಲೆನೋವು. ಬಟ್ಟೆ ಓರೆ ಕತ್ತರಿಸಬೇಕು, ತೊಡೆಸಂದಿಯ ಮುಂದಿನ ಮುಚ್ಚಿಗೆಯಾದ ಕಾಡ್‌ಪೀಸ್ ಬಿಡುವಂತಿಲ್ಲ, ಹಾಕಿಕೊಂಡು ನೆಂಟರ ಮುಂದೆ ಓಡಾಡುವ ಧೈರ್ಯವೂ ಬೇಕು. ನಿಮ್ಮ ಇಸವಿಯನ್ನು 1580ಕ್ಕೆ ಸರಿಸಿಕೊಂಡರೆ ಮಂಡಿಯವರೆಗಿನ ಸಡಿಲ ಚಡ್ಡಿ ಮತ್ತು ಹೆಣೆದ ಉದ್ದ ಕಾಲುಚೀಲದಲ್ಲಿ ಮರ್ಯಾದೆಯಾಗಿ ಮುಗಿಯುತ್ತದೆ.

ಮೂರಡಿ ದೂರದ ಕೆಲಸವಾದರೆ ಒಳಗಿನ ಉದ್ದ ಹೊಲಿಗೆಗಳೆಲ್ಲ ಯಂತ್ರದಲ್ಲಿ, ಕತ್ತು, ತೋಳಂಚು, ಕಾಜಾ, ಕೆಳಅಂಚು ಕೈಯಲ್ಲಿ. ಈ ಬೆರಕೆ ಪದ್ಧತಿಗೆ ಮೂರು ನಾಲ್ಕು ವಾರಾಂತ್ಯ ಸಾಕು. ಲಿನನ್ ಗಜಕ್ಕೆ ಸುಮಾರು 10ರಿಂದ 18 ಡಾಲರ್ ಎಂದಿಟ್ಟುಕೊಂಡರೆ, ಒಳಂಗಿ, ಕರ್ಟಲ್, ತಲೆವಸ್ತ್ರ, ಏಪ್ರನ್ ಎಲ್ಲ ಸೇರಿ ಬಟ್ಟೆಯ ಖರ್ಚು ನೂರರಿಂದ ಇನ್ನೂರು ಡಾಲರಿನೊಳಗೆ.

ಕೊರಳಿಗೆ ನೆರಿಗೆಪಟ್ಟಿ, ಅಂದರೆ ರಫ್, ಬೇಕೇ ಬೇಕು ಎನ್ನುವವರು ಮೊದಲು ತಮ್ಮ ಇಸವಿ ನೋಡಿಕೊಳ್ಳಲಿ. ಡಿಂಗನ್ ವಾನ್ ಡರ್ ಪ್ಲಾಸ್ ಎಂಬ ಹೆಂಗಸು ಫ್ಲಾಂಡರ್ಸ್ ಸೀಮೆಯಿಂದ ಲಂಡನ್ನಿಗೆ ಬಂದು ಬಟ್ಟೆಗೆ ಗಂಜಿ ಹಾಕುವ ವಿದ್ಯೆಯನ್ನು ಹಣಕ್ಕೆ ಕಲಿಸತೊಡಗಿದ್ದು 1564ರಲ್ಲಿ. ಅಗಲವಾದ ರಫ್ ಎಲ್ಲ ಆಮೇಲಿನದು. ಅವರದು ಗೋಧಿಯ ಗಂಜಿ. ಕಾಟನ್ ಸೀರೆಗೆ ಅನ್ನದ ಗಂಜಿ ಹಾಕಿ ಗೊತ್ತಿದ್ದವರಿಗೆ ಕೆಲಸ ಹೊಸದಲ್ಲ. ಸೀರೆಗಿಂತ ಮೂರು ಪಟ್ಟು ಮಂದ ಬೇಕು, ಅಷ್ಟೇ. ಐದು ಮೀಟರ್ ಉದ್ದ, ಏಳು ಸೆಂ.ಮೀ. ಎತ್ತರದ ತೆಳು ಲಿನನ್ ಪಟ್ಟಿಯನ್ನು ಕುತ್ತಿಗೆಯ ಸುತ್ತಳತೆಗೆ ನೆರಿಗೆ ಹಿಡಿದು, ಗಂಜಿಯಲ್ಲಿ ಅದ್ದಿ, ಅರೆ ಒಣಗಿದಾಗ ಬಿಸಿ ಕೂದಲು ಸುರುಳಿ ಕಡ್ಡಿಯಿಂದ ಒಂದೊಂದು ಸುಳಿಯನ್ನೂ ನಿಲ್ಲಿಸಬೇಕು. ಗಂಜಿಯಲ್ಲಿ ಗಂಟಿದ್ದರೆ ಒಣಗಿದಾಗ ಬಿಳಿ ಚುಕ್ಕೆಯಾಗಿ ಉದುರುತ್ತದೆ. ತೇವದ ಗಾಳಿಗೆ, ಕತ್ತಿನ ಬೆವರಿಗೆ ಕುಸಿಯುವುದಂತೂ ಖಚಿತ, ಹಾಗಾಗಿ ಟೆಕ್ಸಸ್‌ನ ಹ್ಯೂಸ್ಟನ್ ಕಡೆಯವರು ಸಣ್ಣದರಲ್ಲೇ ತೃಪ್ತರಾಗುವುದು ಮೇಲು.

ಅಮ್ಮನ ರೇಷ್ಮೆ ಸೀರೆ ಕತ್ತರಿಸಬಹುದೇ?

ಕೇಳದೆ ಕತ್ತರಿಸಬೇಡಿ ಎನ್ನುವುದು ಒಂದು. ಬಟ್ಟೆಯ ಮಾತಿಗೆ ಬಂದರೆ, ಸೀರೆಯ ಪನ್ನ 115 ಸೆಂ.ಮೀ. ಆಸುಪಾಸು, ಉದ್ದ ಐದೂವರೆ ಮೀಟರ್. ಇಡೀ ಗೌನಿಗೆ ಸಾಲದು. ಮೈಸೂರು ಕ್ರೇಪ್ ರೇಷ್ಮೆ ಜಾರುವ ಬಟ್ಟೆ, ಟ್ಯೂಡರ್ ಲಂಗದ ಗಟ್ಟಿ ಆಕಾರ ಅದರಲ್ಲಿ ನಿಲ್ಲುವುದಿಲ್ಲ. ಗರಗರ ಎನ್ನುವ ಸಾದಾ ಟಫೆಟಾ ಬಗೆಯದಾದರೆ ತೋಳಿಗೆ, ಲಂಗದ ಮುಂಭಾಗಕ್ಕೆ ಚೆನ್ನ. ಎಳೆಯಲ್ಲಿ ಗಂಟುಗಂಟಿರುವ ಡುಪಿಯಾನ್ 'ಹಳೆಗಾಲದ್ದು' ಎಂದು ಮಾರಾಟವಾಗುತ್ತದೆ; ಆ ಕಾಲದವರ ಕಣ್ಣಿಗೆ ಆ ಗಂಟು ನೇಯ್ಗೆಯ ದೋಷ. ಮಾವಿನಕಾಯಿ, ನವಿಲಿನ ಅಂಚನ್ನು ಇಂಗ್ಲೆಂಡಿನ ಗೌನಿಗೆ ಹಚ್ಚಿದರೆ ಯಾವ ದೂರದಿಂದಲೂ ಗೊತ್ತಾಗುತ್ತದೆ. ಸಾದಾ ಗೆರೆಯ ಜರಿಯಂಚು ಪರವಾಗಿಲ್ಲ. ಇದೆಲ್ಲ ಶ್ರೀಮಂತರ ಪಾತ್ರಕ್ಕೆ ಮಾತ್ರ. ರೊಟ್ಟಿಯವನ ಹೆಂಡತಿಗೆ ರೇಷ್ಮೆ ಬೇಡ.

ವಿಜಯನಗರದವರಾಗಿಯೇ ಹೋಗುವುದು

ಎಂಟನೇ ಹೆನ್ರಿ ಪಟ್ಟಕ್ಕೆ ಬಂದದ್ದು 1509ರಲ್ಲಿ. ಕೃಷ್ಣದೇವರಾಯನೂ ಅದೇ 1509ರಲ್ಲಿ. ಎಸ್‌ಸಿಎ ಯುರೋಪಿಗೆ ಮಾತ್ರ ಅಂಟಿಕೊಂಡಿಲ್ಲ. ಮೇಳಕ್ಕೆ ಹೋಗುವ ಪ್ರೇಕ್ಷಕರಿಗಂತೂ ತಡೆಯೇ ಇಲ್ಲ. ಹಾಗಾಗಿ ಹಂಪೆಯ ಕಡೆಯಿಂದ ಬಂದ ವ್ಯಾಪಾರಿಯಾಗಿಯೋ ದೂತನಾಗಿಯೋ ಹೋಗುವುದು ಗಟ್ಟಿಯಾದ ಆಯ್ಕೆ. ಬಿಸಿಲಿಗೂ ಇದೇ ಹಿತ. ಕೆಂಟ್ವೆಲ್‌ನಂಥ ಕಡೆ ಮಾತ್ರ ನಡೆಯದು, ಅಲ್ಲಿ ಆಡುವುದು ಒಂದು ಸಫೋಕ್ ಹಳ್ಳಿಯ ಬದುಕು.

ನಿಖರತೆಯ ಗೊಡವೆ ಇಲ್ಲೂ ತಪ್ಪಿದ್ದಲ್ಲ. ಒಳಲಂಗಕ್ಕೆ ಸಿಕ್ಕಿಸಿ, ಪಿನ್ನು ಚುಚ್ಚಿ, ಎಡಭುಜಕ್ಕೆ ಸೆರಗು ಹಾಕುವ ಈಗಿನ ಉಡುಗೆ 19-20ನೇ ಶತಮಾನಗಳಲ್ಲಿ ರೂಢಿಗೆ ಬಂದದ್ದು. ಅದು 1520ಕ್ಕೆ ಎಷ್ಟು ದೂರವೋ ಜಿಪ್ಪಿನ ಗೌನೂ ಅಷ್ಟೇ ದೂರ. ಶೇರ್ವಾನಿ, ಮೈಸೂರು ಪೇಟವೂ ಹಾಗೆಯೇ. ಲೇಪಾಕ್ಷಿಯ ವೀರಭದ್ರ ದೇವಾಲಯದ ಚಾವಣಿಯ ಚಿತ್ರಗಳು 16ನೇ ಶತಮಾನದ ನಡುವಿನವು, ಬೆಂಗಳೂರಿನಿಂದ ಒಂದು ದಿನದಲ್ಲಿ ನೋಡಿ ಬರಬಹುದು. ಗಂಡಸರ ಎತ್ತರದ ಕುಲ್ಲಾವಿ ಟೋಪಿ, ತೆಳುವಾದ ಉದ್ದ ಬಿಳಿ ನಿಲುವಂಗಿ, ಹೆಂಗಸರ ಬಗೆಬಗೆಯ ಗೆರೆ-ಚೌಕಳಿಯ ಸೀರೆ, ಎಲ್ಲ ಅಲ್ಲಿವೆ. ತಿರುಮಲದ ದೇವಾಲಯದಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ಕೃಷ್ಣದೇವರಾಯನ ಪ್ರತಿಮೆಯ ತಲೆಯ ಮೇಲೂ ಅದೇ ಟೋಪಿ. 1520ರ ಹೊತ್ತಿಗೆ ರಾಜನನ್ನು ಕಂಡ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್, ಬಂಗಾರದ ಗುಲಾಬಿಗಳ ಕಸೂತಿಯ ಬಿಳಿ ಬಟ್ಟೆ, ಜರತಾರಿ ಟೋಪಿ, ಬರಿಗಾಲು ಎಂದು ಬರೆದಿಟ್ಟಿದ್ದಾನೆ.

ಮಾಡುವುದು ಹೀಗೆ: ಕೈಮಗ್ಗದ ಬಿಳಿ ಪಂಚೆ, ತೆಳು ಬಿಳಿ ಮಲ್ ಬಟ್ಟೆಯ ಉದ್ದತೋಳಿನ ನಿಲುವಂಗಿ, ಸೊಂಟಕ್ಕೆ ಬಣ್ಣದ ಶಲ್ಯ. ಟೋಪಿಗೆ ದಪ್ಪ ಕ್ಯಾನ್ವಾಸನ್ನು ಕೋನಾಕಾರ ಸುತ್ತಿ ಮೇಲೆ ಹಳೆಯ ಜರಿ ಬಟ್ಟೆ ಹೊದಿಸಿ. ತಲೆಯ ಸುತ್ತಳತೆಗಿಂತ 2 ಸೆಂ.ಮೀ. ಹೆಚ್ಚಿರಲಿ, ಒಳಗೆ ಹತ್ತಿಯ ಪಟ್ಟಿ ಹಾಕದಿದ್ದರೆ ಬೆವರಿಗೆ ಹಣೆ ಕೆರೆಯುತ್ತದೆ. ಹೆಂಗಸರು ಪಿನ್ನು, ಒಳಲಂಗ ಬಿಟ್ಟು ಕಚ್ಚೆ ಹಾಕಿ ಉಡಲಿ, ಸೀರೆಯಲ್ಲಿ ಮಿಂಚುವ ಪ್ಲಾಸ್ಟಿಕ್ ಜರಿ ಇಲ್ಲದಿದ್ದರೆ ಸಾಕು. ಬರಿಗಾಲು ಮಾತ್ರ ಜಲ್ಲಿಕಲ್ಲಿನ ಮೇಳಕ್ಕೆ ಆಗದ ಮಾತು, ಸಾದಾ ಚರ್ಮದ ಚಪ್ಪಲಿ ಮೆಟ್ಟಿಕೊಳ್ಳಿ.

ಪೂರ್ತಿ ಕೈಹೊಲಿಗೆ, ಹೊಲಿಸಿಕೊಳ್ಳುವುದು

ಕಟ್ಟುನಿಟ್ಟಿನ ಗುಂಪಿಗೆ ಸೇರುವವರಿಗೆ ಬೇರೆ ದಾರಿಯಿಲ್ಲ. ಪರಿಣತರಿಂದ ಹೊಲಿಸಿದರೆ ಸಾವಿರ ಡಾಲರ್ ದಾಟುವುದು ಮಾಮೂಲು, ಕಾಯುವುದು ತಿಂಗಳುಗಟ್ಟಲೆ. ಹಣ ಕೊಡುವ ಮೊದಲು ಗುಂಪಿನ ಉಡುಪು ನೋಡಿಕೊಳ್ಳುವವರಿಗೆ ಬಟ್ಟೆಯ ತುಂಡನ್ನೂ ನಕ್ಷೆಯನ್ನೂ ತೋರಿಸಿ ಒಪ್ಪಿಗೆ ಪಡೆಯಿರಿ. ಒಂದು ಗುಂಪು ಒಪ್ಪಿದ ಬಣ್ಣವನ್ನು ಇನ್ನೊಂದು ಗುಂಪು ಬೇಡ ಎನ್ನುವುದುಂಟು. ಮೈತೂಕ ಏರಿಳಿಯುವವರು ಪಕ್ಕದ ಹೊಲಿಗೆಯಲ್ಲಿ 3 ಸೆಂ.ಮೀ. ಹೆಚ್ಚು ಬಟ್ಟೆ ಬಿಡಿಸಿಕೊಳ್ಳಿ.

ದಿನ ಎಷ್ಟು ಉಳಿದಿದೆ?

ಒಂದು ವಾರವೇ ಇದ್ದರೆ ಹೊಲಿಗೆಗೆ ಇಳಿಯಬೇಡಿ. ಬಾಡಿಗೆ, ಎರವಲು, ಇಲ್ಲವೇ ಪಂಚೆ-ನಿಲುವಂಗಿ. ಒಂದು ತಿಂಗಳಿದ್ದರೆ ಅಂಗಿ, ಟೋಪಿ ಕೊಂಡು, ಲಂಗ ಮತ್ತು ಏಪ್ರನ್ ಹೊಲಿಯಿರಿ. ಸಾದಾ ಉಣ್ಣೆ ಲಂಗಕ್ಕೆ ನೆರಿಗೆ, ಸೊಂಟಪಟ್ಟಿ, ಲಾಡಿ ಬಿಟ್ಟರೆ ಬೇರೇನೂ ಇಲ್ಲ. ಮೂರು ತಿಂಗಳಿದ್ದರೆ ಕರ್ಟಲ್‌ಗೆ ಕೈಹಾಕಬಹುದು. ಡಬ್ಲೆಟ್‌ಗೆ ಆರು ತಿಂಗಳು ಇಟ್ಟುಕೊಳ್ಳಿ.

ಮಕ್ಕಳಿಗೆ ಮಾತ್ರ ಹೆಚ್ಚು ಖರ್ಚು ಬೇಡ. ಆ ಕಾಲದಲ್ಲಿ ಗಂಡುಮಕ್ಕಳೂ ಆರೇಳು ವರ್ಷದವರೆಗೆ ಹೆಣ್ಣುಮಕ್ಕಳಂತೆಯೇ ಉದ್ದ ಲಂಗದ ಅಂಗಿ ತೊಡುತ್ತಿದ್ದರು. ಹಾಗಾಗಿ ಅಕ್ಕನ ಕರ್ಟಲ್ ತಮ್ಮನಿಗೂ ನಡೆಯುತ್ತದೆ. ಕೆಳಗೆ 4 ಸೆಂ.ಮೀ.ನ ಎರಡು ಅಡ್ಡಮಡಿಕೆ ಹಾಕಿ ಕಚ್ಚಾ ಹೊಲಿಗೆಯಲ್ಲಿ ಹಿಡಿದಿಡಿ. ಮುಂದಿನ ವರ್ಷ ಒಂದು, ಅದರ ಮುಂದಿನ ವರ್ಷ ಇನ್ನೊಂದು ಬಿಚ್ಚಿದರಾಯಿತು. ಹಳೆ ಮಡಿಕೆಯ ಗೆರೆ ಉಳಿದರೆ ಆ ಗೆರೆಯ ಮೇಲೆ ಬೇರೆ ಬಣ್ಣದ ಉಣ್ಣೆಪಟ್ಟಿ ಹೊಲಿಯಿರಿ.